ಮೂರನೇ ಗೇಟಿನ ಮಫಾಜಿ

ಫಾನ್ಯಾನಾ ಷಿಕ್ವಾಂಬಾನಾನಿಗೆ ರೇಡಿಯೋ ಬಂದದ್ದು ಮಾರ್ಚ್ ತಿಂಗಳ ಮೊದಲ ಸೋಮವಾರ. ಅವನ ಹೆಂಡತಿ ಮಖಾನಾನಿ ಮನೆ ಬಿಟ್ಟು ಹೋದದ್ದು ಅದೇ ತಿಂಗಳ ಮೂರನೇ ಬುಧವಾರ. ಈ ಎರಡಕ್ಕೂ ಸಂಬಂಧವೇ ಇಲ್ಲ ಎಂದು ವಾದಿಸುವವನು ಇಡೀ ಲಿಂಪೊಪೊ ಪ್ರಾಂತ್ಯದಲ್ಲಿ ಒಬ್ಬನೇ ಇದ್ದ. ಅವನು ಫಾನ್ಯಾನಾ.

ಹದಿನಾಲ್ಕು ವರ್ಷದಿಂದ ಅವನು ವನ್ಯಪ್ರಾಣಿ ರಿಸರ್ವಿನ ಮೂರನೇ ಗೇಟು ಕಾಯುತ್ತಿದ್ದ, ಮನೆಯೂ ಗೇಟಿನ ಒಳಗೇ ಇತ್ತು. ಒಂದನೇ ಗೇಟಿನಲ್ಲಿ ದೂರದೇಶದ ಅತಿಥಿಗಳು ಬರುತ್ತಾರೆ, ಎರಡನೆಯದರಲ್ಲಿ ಮಾಲೀಕರು. ಮೂರನೆಯದರಲ್ಲಿ ಬರುವುದು ಎಲೆಕೋಸಿನ ಲಾರಿ, ಗ್ಯಾಸ್ ಸಿಲಿಂಡರು ಮತ್ತು ಹೋಗುವಾಗ ಕೊಳೆ ಬಟ್ಟೆ ತುಂಬಿಕೊಂಡು ಹೋಗುವ ವ್ಯಾನು. ಸಿಂಹ, ಚಿರತೆ ನೋಡಲು ಜನ ಸಮುದ್ರ ದಾಟಿ ಬರುವ ಆ ಕಾಡಿನಲ್ಲಿ ಫಾನ್ಯಾನಾ ಹತ್ತಿರದಿಂದ ಕಂಡ ಅತಿ ದೊಡ್ಡ ಪ್ರಾಣಿ ಎಂದರೆ ಒಂದು ಕಾಡುಹಂದಿ. ಅದು ಅವನ ಊಟದ ಡಬ್ಬಿ ಕಚ್ಚಿಕೊಂಡು ಹೋಗಿತ್ತು.

ಗೇಟಿನ ಹಳೆಯ ಫೋನು ಕೆಟ್ಟಾಗ ಮ್ಯಾನೇಜರ್ ಮರಿಕೆ ಮೇಡಂ ಅವನಿಗೂ ಒಂದು ಕೈರೇಡಿಯೋ ಕೊಟ್ಟರು. ಕಾಡೊಳಗೆ ತಿರುಗುವ ಗೈಡ್‌ಗಳೆಲ್ಲ ಮಾತಾಡಿಕೊಳ್ಳುವ ರೇಡಿಯೋ ಅದು. ಫಾನ್ಯಾನಾ ಅದನ್ನು ಬೆಲ್ಟಿಗೆ ಸಿಕ್ಕಿಸಿದ. ಭಾನುವಾರ ಚರ್ಚಿಗೆ ಹೋಗುವಾಗಲೂ ಸಿಕ್ಕಿಸಿಕೊಂಡ. ಒಂದೇ ವಾರದಲ್ಲಿ ಮನುಷ್ಯರ ಭಾಷೆ ಬಿಟ್ಟು ರೇಡಿಯೋ ಭಾಷೆ ಹಿಡಿದ.

"ರಿವೊನಿ ಅಪ್ಪಾ, ನೀರಿನ ಡ್ರಮ್ಮು ಒಂದು ಕೈ ಹಿಡಿ ಬಾ," ಎಂದು ಮಖಾನಾನಿ ದೊಡ್ಡ ಮಗುವಿನ ಹೆಸರು ಹಿಡಿದು ಕರೆಯುತ್ತಿದ್ದಳು.

"ಸಂದೇಶ ತಲುಪಿದೆ. ಸ್ಟ್ಯಾಂಡ್ ಬೈ. ಓವರ್."

ಈ ಸ್ಟ್ಯಾಂಡ್ ಬೈ ಅವನಿಗೆ ತುಂಬ ಹಿಡಿಸಿಬಿಟ್ಟಿತ್ತು. ಆ ಕಾಡಿನಲ್ಲಿ ಒಂದು ಪ್ರಾಣಿಯ ಹತ್ತಿರ ಮೂರು ಗಾಡಿಗಿಂತ ಹೆಚ್ಚು ನಿಲ್ಲುವ ಹಾಗಿಲ್ಲ. ನಾಲ್ಕನೆಯವನು ಬಂದರೆ ದೂರದ ನೆರಳಿನಲ್ಲಿ ಸರದಿ ಕಾಯಬೇಕು. ಹಾಗೆ ಕಾಯಲು ಹೇಳುವ ಮಾತೇ ಸ್ಟ್ಯಾಂಡ್ ಬೈ. ಹದಿನಾಲ್ಕು ವರ್ಷ ಲಾರಿಗಳಿಗಾಗಿ ತಾನೇ ಕಾದಿದ್ದವನಿಗೆ ಬೇರೆಯವರನ್ನು ಕಾಯಿಸುವ ಸುಖ ಮೊದಲ ಸಲ ಸಿಕ್ಕಿತ್ತು. ಒಲೆ ಹೊಗೆಯಾಡುತ್ತಿದೆ ಎಂದರೆ ಸ್ಟ್ಯಾಂಡ್ ಬೈ, ಮೂರು ವರ್ಷದ ಮಗ ವುಟೊಮಿಯ ಮೂಗು ಒರೆಸು ಎಂದರೂ ಸ್ಟ್ಯಾಂಡ್ ಬೈ.

ಕೊನೆಗೆ ಆ ಬುಧವಾರ ಅತ್ತೆ ಬಂದಳು. ನ್ವಾ-ಖೋಸಾ ತೂಕದ ಹೆಂಗಸು, ಎಲ್ಲ ಅರ್ಥದಲ್ಲೂ. ಅಳಿಯ ಗೌರವದಿಂದ ಸ್ಟೂಲು ಕೊಟ್ಟ. ಸ್ಟೂಲಿನ ಒಂದು ಕಾಲು ಮುರಿದು ತಂತಿ ಸುತ್ತಿದ್ದದ್ದು ಅವನಿಗೆ ಗೊತ್ತಿತ್ತು, ಆದರೆ ಆ ಹೊತ್ತಿಗೆ ರೇಡಿಯೋದಲ್ಲಿ ಆನೆ ಹಿಂಡಿನ ಸುದ್ದಿ ಬರುತ್ತಿತ್ತು. ನ್ವಾ-ಖೋಸಾ ಕೂತಳು, ತಂತಿ ಬಿಚ್ಚಿಕೊಂಡಿತು, ಅವಳು ಎಡಗಾಲು ಮಡಚಿಕೊಂಡು ನೆಲಕ್ಕೆ ಬಂದಳು.

"ಅಳಿಯಂದ್ರೇ! ಅಯ್ಯೋ, ಅಳಿಯಂದ್ರೇ!"

"ಸ್ಟ್ಯಾಂಡ್ ಬೈ," ಎಂದ ಫಾನ್ಯಾನಾ, ತಿರುಗಿಯೂ ನೋಡದೆ.

ಮಖಾನಾನಿ ಕೂಗಾಡಲಿಲ್ಲ. ತಾಯಿಯನ್ನು ಎತ್ತಿ ಕೂರಿಸಿದಳು, ಮಕ್ಕಳಿಬ್ಬರಿಗೂ ಚಪ್ಪಲಿ ತೊಡಿಸಿದಳು.

"ಅತ್ತೇನ ಅಳಿಯ ಮುಟ್ಟೋ ಹಾಗಿಲ್ವಲ್ಲೇ," ಎಂದು ಫಾನ್ಯಾನಾ ಹಿಂದೆಯೇ ಓಡಿದ. "ಅದು ನಮ್ಮ ಪದ್ಧತಿ ತಾನೇ?"

"ಮುಟ್ಟು ಅಂತ ಯಾರು ಹೇಳಿದ್ರು? 'ಬಂದೆ' ಅನ್ನೋಕೆ ಏನಾಗಿತ್ತು? ಕರೆದ್ರೆ ಮನುಷ್ಯ ಅನ್ನೋನು ಅನ್ನೋದು ಅದೊಂದೇ ಮಾತು, ಬಂದೆ. ನಿನಗೆ ಅದೇ ಮರೆತುಹೋಗಿದೆ." ಗೇಟಿನಾಚೆ ನಿಂತು ಅವಳು ಕೊನೆಯ ಮಾತು ಹೇಳಿದಳು. "ನಾವು ಹೊರಟ್ವಿ. ನೀನು ಇಲ್ಲೇ ಸ್ಟ್ಯಾಂಡ್ ಬೈ ಮಾಡ್ತಿರು."

ಎಂಟು ದಿನ ಅವನು ಅದನ್ನೇ ಮಾಡಿದ. ಅವನಷ್ಟು ಚೆನ್ನಾಗಿ ಕಾಯಲು ಆ ಜಿಲ್ಲೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಎಂಟನೆಯ ದಿನ, ಗುರುವಾರ, ಬಟ್ಟೆ ವ್ಯಾನಿನ ಎಲ್ಫಾಸ್ ಸುದ್ದಿ ತಂದ.

"ನಾಳೆ ಬರ್ತಾಳಂತೆ ಕಣಯ್ಯ. ಮನೆಗಲ್ಲ, ಮಕ್ಕಳ ಬಟ್ಟೆ ತಗೊಂಡು ಹೋಗೋಕೆ. ಅತ್ತೆನೂ ಬರ್ತಾರೆ. ನಿನ್ನ ಬಾಯಿಂದ ಬರೋ ಮೊದಲನೇ ಮಾತು ಕೇಳ್ತಾಳಂತೆ. ಅದು ಸರಿ ಇದ್ರೆ ಉಳ್ಕೊಳ್ತಾಳೆ, ಇಲ್ದಿದ್ರೆ ಮಕ್ಕಳನ್ನ ಅಲ್ಲಿನ ಶಾಲೆಗೇ ಸೇರಿಸ್ತಾಳೆ."

"ಮೊದಲನೇ ಮಾತು ಏನಂತ ಹೇಳ್ಲಿ?"

"ಅದನ್ನ ನನ್ನ ಕೇಳ್ತೀಯಾ? ನನ್ನವಳು ಹೋಗಿ ಎರಡು ವರ್ಷ ಆಯ್ತು. ಒಂದು ಕೆಲಸ ಮಾಡು, ಮೊಣಕಾಲೂರಿ ಕೂತ್ಬಿಡು. ಅತ್ತೆ ಇರೋವಾಗ ತಲೆ ಎತ್ತಲೇಬೇಡ. ಆಮೇಲೆ ತಪ್ಪೆಲ್ಲ ನಂದೇ ಅಂತ ಒಂದೇ ಉಸಿರಿಗೆ ಹೇಳ್ಬಿಡು. ಮಧ್ಯ ನಿಲ್ಲಿಸಿದ್ರೆ ಕೆಟ್ಟೆ."

ಶುಕ್ರವಾರ ಬೆಳಗ್ಗೆ ಫಾನ್ಯಾನಾ ಬೇಗ ಎದ್ದು ಗಡ್ಡ ಹೆರೆಯಲು ಕೂತ. ಎರಡು ಕಡೆ ಕೊಯ್ದುಕೊಂಡ. ಆ ಗಡಿಬಿಡಿಯಲ್ಲಿ ರೇಡಿಯೋ ಹಾಕುವುದನ್ನು ಮರೆತ. ಹಿರಿಯ ಗೈಡ್ ಖಾಜಮುಲಾ ಹೆಣ್ಣು ಸಿಂಹವೊಂದು ನದಿ ಪಾತ್ರದಿಂದ ಎದ್ದು ಬರುತ್ತಿದೆ ಎಂದು ಎಲ್ಲ ಗಾಡಿಗಳಿಗೂ ಗೈಡ್‌ಗಳ ಗುಟ್ಟು ಮಾತಿನಲ್ಲಿ ಸ್ಪಷ್ಟವಾಗಿ ಹೇಳಿದ್ದು ಆಗಲೇ. ಫಾನ್ಯಾನಾ ಗುಂಡಿ ತಿರುಗಿಸುವ ಹೊತ್ತಿಗೆ ಸಿಂಹ ಎಂಬ ಮಾತು ಮುಗಿದುಹೋಗಿತ್ತು, ಉಳಿದದ್ದು ಇಷ್ಟು:

"ಮಫಾಜಿ ಬೇಲಿ ರಸ್ತೆ ಹಿಡಿದಿದಾಳೆ. ಜೊತೆಗೆ ಎರಡು ಚಿಕ್ಕವು. ಮೂರನೇ ಗೇಟಿನ ಕಡೆಗೇ ನಡ್ಕೊಂಡು ಬರ್ತಿದಾಳೆ. ಓವರ್."

ಮಫಾಜಿ ಎಂದರೆ ಹೆಂಗಸು. ಗಣಿಗೆ ದುಡಿಯಲು ಹೋದವರು ಹೊತ್ತು ತಂದ ಬೆರಕೆ ಮಾತು. ಗೈಡ್‌ಗಳು ಅದನ್ನು ಹೆಣ್ಣು ಪ್ರಾಣಿಗೆ ಬಳಸುತ್ತಾರೆ, ಏಕೆಂದರೆ ಹಿಂದಿನ ಸೀಟಿನ ಅತಿಥಿಗಳಿಗೆ ಮೊದಲೇ ತಿಳಿಯಬಾರದು; ತಿಳಿದ ಮೇಲೆ ಸಿಂಹ ಪೊದೆಗೆ ನುಗ್ಗಿದರೆ ಮೂರು ಹೊತ್ತು ಮುಖ ಊದಿಸಿಕೊಂಡಿರುತ್ತಾರೆ. ಇದು ಫಾನ್ಯಾನಾನಿಗೆ ಗೊತ್ತಿಲ್ಲದ್ದಲ್ಲ. ಆದರೆ ಒಂಬತ್ತು ದಿನದಿಂದ ಹೆಂಡತಿಯ ದಾರಿ ಕಾಯುತ್ತಿರುವವನ ಕಿವಿಗೆ ಹೆಂಗಸು ಎಂದರೆ ಹೆಂಗಸೇ. ಇನ್ನು ಬೇಲಿ ರಸ್ತೆ. ಬೇಲಿಯ ಒಳಗೂ ಒಂದಿತ್ತು, ಹೊರಗೂ ಒಂದಿತ್ತು.

ಅವನು ಗುಂಡಿ ಒತ್ತಿದ.

"ಖಾಜಮುಲಣ್ಣಾ, ಗೇಟು ಮೂರು ಮಾತಾಡ್ತಿರೋದು. ಜೊತೆಗೆ ಮುದುಕಿ ಏನಾದ್ರೂ ಇದಾಳಾ? ಓವರ್."

"ಇದಾಳೆ. ನೂರು ಹೆಜ್ಜೆ ಹಿಂದೆ. ಎಡಗಾಲು ಕುಂಟ್ತಿದೆ."

"ಅದು ನನ್ನಿಂದ ಆಗಿದ್ದು ಅಣ್ಣಾ."

"ನಿನ್ನಿಂದಾನಾ? ಏನ್ ಮಾಡ್ದೆ ಮಾರಾಯ?"

"ಮುರುಕು ಸ್ಟೂಲು ಕೊಟ್ಟೆ."

"ಗೇಟು ಮೂರು, ನಿನ್ನ ಮಾತು ಕತ್ತರಿಸಿ ಕತ್ತರಿಸಿ ಕೇಳಿಸ್ತಿದೆ."

"ಕೋಪದಲ್ಲಿದಾಳಾ ಅಣ್ಣಾ? ಮಫಾಜಿ?"

"ಈಗೇನೋ ಶಾಂತವಾಗಿದಾಳೆ. ಆದ್ರೆ ಯಾರಾದ್ರೂ ಚಿಕ್ಕವುಗಳ ಹತ್ರ ಹೋಗಿ ನೋಡ್ಲಿ, ಬಿಡಲ್ಲ."

"ಅದು ನನಗೆ ಗೊತ್ತಿಲ್ವಾ! ಬೆಳಗ್ಗೆ ಏನಾದ್ರೂ ತಿಂದಿದಾಳಾ?"

"ಹೊಟ್ಟೆ ನೆಲಕ್ಕೆ ತಾಗೋ ಹಾಗೆ ತಿಂದಿದಾಳೆ."

ಫಾನ್ಯಾನಾನಿಗೆ ಇದು ಸ್ವಲ್ಪ ಚುಚ್ಚಿತು. ಇಲ್ಲಿ ಗಂಡ ಒಣ ಬ್ರೆಡ್ಡು ಕಡಿಯುತ್ತಿರುವಾಗ ಅಲ್ಲಿ ತವರಿನ ಊಟ ಇಷ್ಟು ಮೈಗೆ ಹತ್ತಬಾರದಿತ್ತು. ಅತ್ತ ಖಾಜಮುಲಾ ರೇಡಿಯೋ ಇಟ್ಟು, ಹೆಜ್ಜೆ ಗುರುತು ನೋಡುತ್ತ ಗಾಡಿಯ ಮುಂದೆ ಕೂತಿದ್ದವನಿಗೆ, "ಗೇಟು ಕಾಯೋನಿಗೆ ಕಾಡಿನ ಮೇಲೆ ಎಷ್ಟು ಅಕ್ಕರೆ ನೋಡಯ್ಯ, ನಿನಗಿಂತ ಹೆಚ್ಚು ಪ್ರಶ್ನೆ ಕೇಳ್ತಾನೆ," ಎಂದು ಮೆಚ್ಚಿಕೊಂಡ.

ಫಾನ್ಯಾನಾ ಗೇಟಿನ ಮುಂದೆ ಗುಡಿಸಿ ನೀರು ಚಿಮುಕಿಸಿದ. ಚಾಪೆ ಹಾಸಿದ. ಅತ್ತೆಗೆ ಇಷ್ಟವೆಂದು ಕೂಡಿಟ್ಟಿದ್ದ ಒಣ ಮಸೊಂಜಾ ಹುಳುಗಳನ್ನು ಉಪ್ಪಲ್ಲಿ ಹುರಿದು ತಟ್ಟೆಗೆ ಸುರಿದಿಟ್ಟ. ಬರುವವರಿಗೆ ಸಂಕೋಚವಾಗಬಾರದೆಂದು ಗೇಟಿನ ಎರಡೂ ಬಾಗಿಲುಗಳನ್ನು ಹಾರು ಹೊಡೆದ. ಆಮೇಲೆ ನಟ್ಟನಡುವೆ, ಹೊರಗಿನ ರಸ್ತೆಗೆ ಮುಖ ಮಾಡಿ, ಮೊಣಕಾಲೂರಿ ತಲೆ ತಗ್ಗಿಸಿ ಕೂತ.

ಸಿಂಹಗಳು ಒಳಗಿನ ರಸ್ತೆಯಿಂದ ಬಂದು ಅವನ ಬೆನ್ನ ಹಿಂದೆ, ಪಂಪ್‌ಸೆಟ್ಟಿನ ಶೆಡ್ಡಿನ ನೆರಳಿನಲ್ಲಿ, ಇಪ್ಪತ್ತು ಹೆಜ್ಜೆ ದೂರದಲ್ಲಿ ಮಲಗಿದವು. ಮರಿಗಳಲ್ಲಿ ಒಂದು ಸೀನಿತು.

ವುಟೊಮಿಗೆ ಹುಟ್ಟಿದಂದಿನಿಂದ ನೆಗಡಿ. ಫಾನ್ಯಾನಾನಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಅತ್ತೆಯ ಕಾಲುನೋವಿಗಾಗಿ ಹಿಂದಿನ ಅಡ್ಡದಾರಿಯಲ್ಲಿ ಬಂದಿರಬೇಕೆಂದುಕೊಂಡು, ತಲೆ ಎತ್ತದೆ, ಎರಡು ಅಂಗೈ ಮೆಲ್ಲಗೆ ತಟ್ಟಿ ನಮಸ್ಕಾರ ಹೇಳಿ ಒಂದೇ ಉಸಿರಿಗೆ ಶುರುಮಾಡಿದ.

"ಅತ್ತೆಯವ್ರೇ, ತಪ್ಪೆಲ್ಲ ನಂದೇ. ಸ್ಟೂಲಿಗೆ ತಂತಿ ಸುತ್ತಿದ್ದು ನಾನೇ. ಮಖಾನಾನಿ, ನೀನು ಹೋದ್ಮೇಲೆ ಈ ರೇಡಿಯೋದಲ್ಲಿ ದಿನಾ ಮಾತು ಕೇಳ್ತೀನಿ, ಒಂದೂ ನನಗಲ್ಲ. ಆನೆ ಎಲ್ಲಿದೆ, ಚಿರತೆ ಎಲ್ಲಿದೆ ಅಂತ ಎಲ್ಲ ಹೇಳ್ತಾರೆ, ಊಟ ಆಯ್ತಾ ಅಂತ ಯಾರೂ ಕೇಳಲ್ಲ. ಊಟಕ್ಕೆ ಕೂತಾಗ ಇದನ್ನೇ ಎದುರಿಗೆ ಇಟ್ಕೊಳ್ತೀನಿ. ಉಪ್ಪು ಸಾಕಾ ಅಂತ ಇದಕ್ಕೆ ಕೇಳೋಕೆ ಬರಲ್ಲ ಕಣೇ. ಮನೆ ನಿಂದು. ನೀನು ಬಯ್ದರೂ ಸರಿ, ಬಂದ್ಬಿಡು."

ತಗ್ಗಿಸಿದ ತಲೆಗೆ ಕಂಡದ್ದು ಮಸೊಂಜಾ ತಟ್ಟೆಯ ಮೇಲೆ ಬಂದು ಕೂತ ಒಂದು ಪುಟ್ಟ ಕಾಲು. ಒಂಬತ್ತು ದಿನದಲ್ಲಿ ವುಟೊಮಿಯ ಕಾಲಿಗೆ ಇಷ್ಟು ಕೂದಲು ಹೇಗೆ ಬಂತು ಎಂದು ಅವನು ಒಂದು ಗಳಿಗೆ ಯೋಚಿಸಿದ. ತವರಿನ ಊಟವೇ ಇರಬಹುದು. ಆಮೇಲೆ ಮಗುವಿಗೆ ಬಾಲ ಇರುವುದು ಕಂಡಿತು.

ಫಾನ್ಯಾನಾ ಓಡಲಿಲ್ಲ, ಕೂಗಲಿಲ್ಲ, ಅಲುಗಾಡಲಿಲ್ಲ. ಮುಂದೆ ಇದನ್ನು ಹಲವರು ಧೈರ್ಯ ಎಂದರು. ನಿಜವಾಗಿ ನಡೆದದ್ದು ಅವನಿಗೂ ಅವನ ಕಾಲಿಗೂ ಮಾತ್ರ ಗೊತ್ತು. ಮರಿ ಎರಡು ಹುಳು ತಿಂದಿತು, ಮೂರನೆಯದನ್ನು ಉಗುಳಿತು. ತಾಯಿ ಗಂಟಲಲ್ಲೇ ಒಂದು ಸಲ ಕರೆಯಿತು, ಮರಿ ಓಡಿತು. ನಾಲ್ಕೂ ಎದ್ದು ಬೇಲಿಗುಂಟ ನಡೆದು ಪೊದೆಗಳಲ್ಲಿ ಮರೆಯಾದವು.

ಮರಗಳ ಮರೆಯಲ್ಲಿ ಖಾಜಮುಲಾನ ಗಾಡಿ ನಿಂತಿತ್ತು. ಅದರಲ್ಲಿದ್ದ ಬೆಲ್ಜಿಯಮ್ಮಿನ ಒಬ್ಬ ಅಜ್ಜಿ ಮೊದಲಿನಿಂದ ಕೊನೆಯವರೆಗೂ ಎಲ್ಲವನ್ನೂ ಫೋನಿನಲ್ಲಿ ಹಿಡಿದಿದ್ದಳು.

ಮರಿಕೆ ಮೇಡಂ ಹತ್ತು ನಿಮಿಷದಲ್ಲಿ ಬಂದರು.

"ಸಿಂಹ ಬರ್ತಿದೆ ಅಂತ ಗೊತ್ತಿದ್ದೂ ಗೇಟು ತೆಗೆದೆಯಾ?"

"ತೆಗೆದೆ ಮೇಡಂ."

"ತೆಗೆದು ಅಡ್ಡ ಕೂತೆಯಾ?"

"ಕೂತೆ ಮೇಡಂ."

ಕೆಲಸದಿಂದ ತೆಗೆಯಬೇಕೋ ಶಾಲು ಹೊದಿಸಬೇಕೋ ಎಂದು ಮೇಡಂಗೆ ಗೊತ್ತಾಗಲಿಲ್ಲ. ತೆರೆದ ಗೇಟಿನಿಂದ ಸಿಂಹ ಊರಿಗೆ ಹೋಗದೆ ಉಳಿದದ್ದು ನಡುವೆ ಕೂತ ಇವನಿಂದಲೇ ಎಂದು ಖಾಜಮುಲಾ ಪ್ರಮಾಣ ಮಾಡಿ ಹೇಳುತ್ತಿದ್ದ. ಮೇಡಂ ದನಿ ತಗ್ಗಿಸಿದರು. "ಮೊಣಕಾಲೂರೋದು, ಕೈ ತಟ್ಟೋದು, ತಟ್ಟೆಯಲ್ಲಿ ಹುಳು ಇಡೋದು, ಇದೆಲ್ಲ ನಿಮ್ಮವರ ಹಳೇ ಪದ್ಧತಿನಾ?"

"ಹೌದು ಮೇಡಂ. ಅತ್ತೆ ಬಂದಾಗ ಮಾಡ್ತೀವಿ."

ಸಿಂಹವನ್ನು ಅತ್ತೆಯೆಂದು ಗೌರವಿಸುವ ಪುರಾತನ ಪದ್ಧತಿ ಎಂದು ಮೇಡಂ ಪುಸ್ತಕದಲ್ಲಿ ಬರೆದುಕೊಂಡರು. ಮಧ್ಯಾಹ್ನದ ಊಟದ ಹೊತ್ತಿಗೆ ರಿಸರ್ವಿನ ಮೂರು ಲಾಡ್ಜುಗಳ ಅತಿಥಿಗಳೂ ಅದನ್ನು ನೋಡಬೇಕೆಂದು ಕೇಳತೊಡಗಿದರು. ಸಂಜೆ ಮೇಡಂ ಮತ್ತೆ ಬಂದು, ವಾರಕ್ಕೊಮ್ಮೆ, ಶುಕ್ರವಾರ ನಾಲ್ಕು ಗಂಟೆಗೆ ಆಗಬಹುದೇ ಎಂದು ವಿಚಾರಿಸಿದರು. ಸಿಂಹಗಳನ್ನು ಕೇಳಿ ಹೇಳುತ್ತೇನೆ ಎಂದ ಫಾನ್ಯಾನಾ. ಮೇಡಂ ಹೋಗುವಾಗ ಒಂದು ಕಟ್ಟಪ್ಪಣೆ ಮಾಡಿದರು: ಇನ್ನು ಮುಂದೆ ಗೇಟಿನ ಹತ್ತಿರ ಏನೇ ಬರಲಿ, ಮೊದಲು ರೇಡಿಯೋದಲ್ಲಿ ತಿಳಿಸಬೇಕು.

ಕೆಲಸದವರ ಬಸ್ಸು ಅಂದು ಊರಿಗೆ ಜನರಿಗಿಂತ ಹೆಚ್ಚು ಸುದ್ದಿ ಹೊತ್ತುಕೊಂಡು ಹೋಯಿತು. ತಾಯಿಯ ಕಾಲು ಊದಿಕೊಂಡಿತೆಂದು ಪ್ರಯಾಣವನ್ನು ಶನಿವಾರಕ್ಕೆ ಹಾಕಿದ್ದ ಮಖಾನಾನಿ ಬಾವಿಕಟ್ಟೆಯಲ್ಲಿ ಇಡೀ ಕಥೆ ಕೇಳಿದಳು.

ಶನಿವಾರ ಸಂಜೆ ನಾಲ್ಕಕ್ಕೆ ಹೊರಗಿನ ಬೇಲಿ ರಸ್ತೆಯಲ್ಲಿ ನಾಲ್ಕು ಜನ ಕಂಡರು. ಮುಂದೆ ಮಖಾನಾನಿ, ಅವಳ ಎರಡು ಕೈಗೆ ಎರಡು ಮಕ್ಕಳು, ಹಿಂದೆ ಕುಂಟುತ್ತ ನ್ವಾ-ಖೋಸಾ. ಫಾನ್ಯಾನಾ ಎದುರಿಗೆ ಓಡಬೇಕೆಂದುಕೊಂಡ. ಆದರೂ ಅಪ್ಪಣೆ ಅಪ್ಪಣೆಯೇ. ಗುಂಡಿ ಒತ್ತಿದ. ಬಾಯಿಗೆ ಬಂದದ್ದು ನಿನ್ನೆಯಿಂದ ಕಿವಿಯಲ್ಲಿ ಗುಂಯ್‌ಗುಡುತ್ತಿದ್ದ ಮಾತುಗಳೇ.

"ಗೇಟು ಮೂರು. ಮಫಾಜಿ ಬಂದಿದಾಳೆ. ಎರಡು ಚಿಕ್ಕವು. ಮುದುಕಿ ಹಿಂದೆ ಇದಾಳೆ. ಇವತ್ತು ಕೋಪದಲ್ಲೇ ಇದಾಳೆ. ಓವರ್."

ಸಂಜೆಯ ಸುತ್ತಿಗೆ ಆಗಷ್ಟೇ ಹೊರಟಿದ್ದ ಐದು ಗಾಡಿಗಳು ಒಟ್ಟಿಗೇ ತಿರುಗಿದವು.

ಮಖಾನಾನಿ ಗೇಟಿಗೆ ಬಂದಾಗ ಗಂಡ ಮೊಣಕಾಲೂರಿ ಕೂತಿದ್ದ. ಅವನ ಹಿಂದೆ ಮೂರು ಗಾಡಿಗಳು ಧೂಳೆಬ್ಬಿಸಿ ಬಂದು ಸಾಲಾಗಿ ನಿಂತವು. ಇಪ್ಪತ್ತೇಳು ಅತಿಥಿಗಳು ಕ್ಯಾಮೆರಾ ಎತ್ತಿದರು, ಪೊದೆಗಳಲ್ಲಿ ಹುಡುಕಿದರು, ಮರದ ಮೇಲೆ ಹುಡುಕಿದರು, ಕೊನೆಗೆ ನ್ವಾ-ಖೋಸಾಳ ಮೇಲೆ ನಿಲ್ಲಿಸಿದರು.

"ಇವರೆಲ್ಲ ಯಾಕೆ ನನ್ನ ಹೀಗೆ ನೋಡ್ತಿದಾರೆ?" ಎಂದಳು ನ್ವಾ-ಖೋಸಾ, ತಲೆಯ ವಸ್ತ್ರ ಸರಿಮಾಡಿಕೊಳ್ಳುತ್ತ.

ಮಖಾನಾನಿ ಗಂಡನನ್ನೇ ನೋಡುತ್ತಿದ್ದಳು. "ಊರೆಲ್ಲ ಅದೇ ಮಾತು. ಯಾವುದೋ ಸಿಂಹಿಣಿ ಮುಂದೆ ಮೊಣಕಾಲೂರಿ ಅತ್ತುಕೊಂಡ್ಯಂತೆ. ಹನ್ನೊಂದು ವರ್ಷ ಸಂಸಾರ ಮಾಡಿದವಳಿಗೆ ಒಂದು ಮಾತಿಲ್ಲ. ಈಗ ಹೇಳು. ಮೊದಲನೇ ಮಾತು. ಕೇಳಿಸ್ಕೊಳ್ಳೋಕೇ ಬಂದಿದೀನಿ."

ಫಾನ್ಯಾನಾ ಉಸಿರೆಳೆದುಕೊಂಡು ಬಾಯಿ ತೆರೆದ. ಆಗ ಅವನ ಸೊಂಟದಲ್ಲಿದ್ದ ರೇಡಿಯೋ ಕರಕರ ಎಂದಿತು.

"ಗೇಟು ಮೂರು, ಇದು ನಾಲ್ಕನೇ ಗಾಡಿ. ಮಫಾಜಿ ನೋಡೋಕೆ ನಮಗೆ ಜಾಗ ಇದೆಯಾ? ಓವರ್."

"ಸ್ಟ್ಯಾಂಡ್ ಬೈ," ಎಂದ ಫಾನ್ಯಾನಾ.

ನ್ವಾ-ಖೋಸಾ ಹಣೆಗೆ ಕೈ ಹಚ್ಚಿಕೊಂಡಳು. ಮಖಾನಾನಿ ಮಕ್ಕಳ ಕೈ ಹಿಡಿದು ಬಂದ ದಾರಿಗೆ ತಿರುಗಿದಳು. ಅವಳು ಹೋಗಿಯೇ ಬಿಡುವವಳು, ಅದು ಅವಳ ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು. ಫಾನ್ಯಾನಾ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ನಿನ್ನೆ ಸಿಂಹದ ಮುಂದೆ ಸರಾಗವಾಗಿ ಹರಿದ ಮಾತು ಹೆಂಡತಿಯ ಮುಂದೆ ಒಂದಕ್ಷರವೂ ಹೊರಡಲಿಲ್ಲ.

ಮೊದಲನೇ ಗಾಡಿಯಲ್ಲಿದ್ದ ಖಾಜಮುಲಾನಿಗೆ ಈಗ ಎಲ್ಲ ಅರ್ಥವಾಯಿತು. ಮುರುಕು ಸ್ಟೂಲು ಕೂಡ ಅರ್ಥವಾಯಿತು. ಅವನು ಹಿಂದಕ್ಕೆ ತಿರುಗಿ ಬೆಲ್ಜಿಯಮ್ಮಿನ ಅಜ್ಜಿಯ ಕಿವಿಯಲ್ಲಿ ಏನೋ ಹೇಳಿದ. ಅಜ್ಜಿ ಫೋನು ಹುಡುಕಿ, ಕನ್ನಡಕ ಹುಡುಕಿ, ಒತ್ತಿದಳು.

"...ಉಪ್ಪು ಸಾಕಾ ಅಂತ ಇದಕ್ಕೆ ಕೇಳೋಕೆ ಬರಲ್ಲ ಕಣೇ," ಎಂದಿತು ಫೋನಿನೊಳಗಿನ ಫಾನ್ಯಾನಾ. "ಮನೆ ನಿಂದು. ನೀನು ಬಯ್ದರೂ ಸರಿ, ಬಂದ್ಬಿಡು."

ಮಖಾನಾನಿ ನಿಂತಳು. ತಿರುಗದೆಯೇ ಕೇಳಿದಳು. "ಇನ್ನೊಂದ್ಸಲ ಹಾಕೋಕೆ ಹೇಳಿ."

ಅಜ್ಜಿ ಇನ್ನೊಂದು ಸಲ ಹಾಕಿದಳು, ಈ ಸಲ ಮೊದಲಿನಿಂದ. ಸ್ಟೂಲಿನ ವಿಷಯ ಬಂದಾಗ ನ್ವಾ-ಖೋಸಾ ತಲೆಯಾಡಿಸಿದಳು. ಮುಗಿದ ಮೇಲೆ ಮಖಾನಾನಿ ಗಂಡನ ಹತ್ತಿರ ಬಂದು ಕೈ ಚಾಚಿದಳು. ಅವನು ಅವಳ ಕೈ ಹಿಡಿಯಲು ಹೋದ. ಅವಳಿಗೆ ಬೇಕಾಗಿದ್ದದ್ದು ರೇಡಿಯೋ. ಬೆಲ್ಟಿನಿಂದ ಕಿತ್ತು, ಗುಂಡಿ ಒತ್ತಿ, ಕಾಡಿಗೆಲ್ಲ ಕೇಳುವಂತೆ ಹೇಳಿದಳು.

"ಎಲ್ಲಾ ಗಾಡಿಗಳೂ ಕೇಳಿಸ್ಕೊಳ್ಳಿ. ಮಫಾಜಿ ಮನೆಗೆ ಬಂದಿದಾಳೆ. ನೋಡಿದ್ದು ಸಾಕು, ಹೊರಡಿ."

ಗಾಡಿಗಳು ಹೊರಟವು. ಬೆಲ್ಜಿಯಮ್ಮಿನ ಅಜ್ಜಿ ಬಹಳ ದೂರದವರೆಗೂ ಕೈ ಬೀಸುತ್ತಿದ್ದಳು. ಮಖಾನಾನಿ ರೇಡಿಯೋವನ್ನು ಗೇಟಿನ ಮೊಳೆಗೆ ನೇತುಹಾಕಿ, ಮಕ್ಕಳನ್ನು ಕರೆದುಕೊಂಡು ಒಳಗೆ ಹೋದಳು. ನ್ವಾ-ಖೋಸಾ ಮನೆಯ ಮುಂದಿನ ಹೊಸ ಸ್ಟೂಲನ್ನು ಮೂರು ಸಲ ಅಲುಗಾಡಿಸಿ ನೋಡಿ ಕೂತಳು.

"ಇನ್ನು ಏಳಬಹುದಾ ಅತ್ತೆಯವ್ರೇ?" ಎಂದ ಫಾನ್ಯಾನಾ, ತಲೆ ತಗ್ಗಿಸಿಯೇ.

"ಸ್ಟ್ಯಾಂಡ್ ಬೈ, ಅಳಿಯಂದ್ರೇ."

ಅವನು ಹಾಗೇ ಕೂತ. ಒಲೆ ಹೊತ್ತಿದ ವಾಸನೆ ಬಂತು, ವುಟೊಮಿ ಎರಡು ಸಲ ಸೀನಿದ, ಗಡಿಗೆಯಲ್ಲಿ ಮೆಕ್ಕೆಜೋಳದ ಮುದ್ದೆ ತಿರುವುವ ಸದ್ದು ಕೇಳಿಸಿತು. ಮೊಣಕಾಲು ಜೋಮು ಹಿಡಿದಿತ್ತು. ಅವನಿಗೆ ಬಹಳ ಸಂತೋಷವಾಗಿತ್ತು. ಗೇಟಿನ ಮೊಳೆಯಲ್ಲಿ ರೇಡಿಯೋ ಚಿರತೆಯೊಂದು ಮರ ಹತ್ತಿದ ಸುದ್ದಿ ಹೇಳುತ್ತಿತ್ತು, ಅದನ್ನು ಯಾರೂ ಕೇಳುತ್ತಿರಲಿಲ್ಲ.

"ರಿವೊನಿ ಅಪ್ಪಾ," ಎಂದು ಒಳಗಿನಿಂದ ಕರೆ ಬಂತು. "ಉಪ್ಪಿನ ಡಬ್ಬಿ ಎಲ್ಲಿಟ್ಟಿದೀಯಾ?"

"ಬಂದೆ," ಎಂದ ಫಾನ್ಯಾನಾ, ಮತ್ತು ಎದ್ದು ಓಡಿದ.